ಹೆಬ್ಬೆಟ್ಟಿಗೂ ಬೇಲಿ ಬೇಕು



ಮಟ್ಟುಗುಳ್ಳವನ್ನು ಅರಿಯದವರು ನಮ್ಮ ಸೀಮೆಯಲ್ಲಿ ಇಲ್ಲ. ಕಾಪು ತಾಲೂಕಿನ ಮಟ್ಟು ಗ್ರಾಮದ ಮಣ್ಣಿನಲ್ಲಿ ಬೆಳೆಯುವ ಈ ಬದನೆಗೆ ಪೇಟೆಯಲ್ಲಿ ಒಳ್ಳೆಯ ಹೆಸರು, ಹೆಸರಿಗೆ ತಕ್ಕ ಬೆಲೆ. ಬೇರೆ ಊರಿನ ಬದನೆಯನ್ನು ಬುಟ್ಟಿಗೆ ತುಂಬಿ ‘ಮಟ್ಟುಗುಳ್ಳ’ ಎಂದು ಮಾರಿದರೆ ಮಟ್ಟುವಿನ ಬೆಳೆಗಾರನಿಗೆ ನಷ್ಟವಾಗುತ್ತದೆ. ಅವನ ಗದ್ದೆಯಿಂದ ಒಂದು ಕಾಯಿಯೂ ಕಳವಾಗಿಲ್ಲ. ಕಳವಾದದ್ದು ಅವನ ಹೆಸರು. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕ, ಅಂದರೆ ಜಿ.ಐ. ಗುರುತು ದೊರೆಯಿತು. ಅಂತಹ ಗುರುತಿನ ಉದ್ದೇಶವೇ ಹೆಸರಿನ ಕಳವನ್ನು ತಡೆಯುವುದು.

ಬದನೆಗೆ ಇರುವಂತೆ ಮನುಷ್ಯನಿಗೂ ಗುರುತು ಇದೆ. ಹೆಸರು, ಸಹಿ, ಹೆಬ್ಬೆಟ್ಟು, ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ, ಮೊಬೈಲ್ ಸಂಖ್ಯೆ, ಇವೆಲ್ಲ ಸೇರಿ ‘ಇವರು ಇಂಥವರು’ ಎಂದು ಕಚೇರಿಗೂ ಬ್ಯಾಂಕಿಗೂ ತಿಳಿಸುತ್ತವೆ. ಇನ್ನೊಬ್ಬನು ಇವುಗಳಲ್ಲಿ ಒಂದೆರಡನ್ನು ನಮಗೆ ತಿಳಿಯದಂತೆ ಕೈವಶ ಮಾಡಿಕೊಂಡು, ತಾನೇ ನಾವೆಂದು ನಟಿಸಿ ಹಣ ತೆಗೆದರೆ, ಸಾಲ ಪಡೆದರೆ, ಸಿಮ್ ಕಾರ್ಡು ಕೊಂಡರೆ, ಅದಕ್ಕೆ ಗುರುತಿನ ಕಳವು ಎಂದು ಹೆಸರು. ಈ ಕಳವು ಎಷ್ಟು ಸಾಮಾನ್ಯ, ಯಾರನ್ನು ತಟ್ಟುತ್ತದೆ, ನಾವು ಮಾಡತಕ್ಕದ್ದೇನು ಎಂಬುದೇ ಈ ಸಲದ ಪಾಠ.

ಮುಖವೇ ಗುರುತಾಗಿದ್ದ ಕಾಲ

ಉಡುಪಿ ಬ್ಯಾಂಕುಗಳ ತವರೂರು. ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇಲ್ಲಿಯೇ ಸ್ಥಾಪಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು 1925ರಲ್ಲಿ ಡಾ. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಶ್ರೀನಿವಾಸ ಕುಡ್ವರು ಇಲ್ಲಿಯೇ ಆರಂಭಿಸಿದರು. ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನು ಏಜೆಂಟರು ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು.

ಆ ವ್ಯವಹಾರದಲ್ಲಿ ಗುರುತು ಎಂದರೆ ಮುಖಪರಿಚಯ. ಏಜೆಂಟರಿಗೆ ಮನೆಯವರು ಗೊತ್ತು, ಮನೆಯವರಿಗೆ ಏಜೆಂಟರು ಗೊತ್ತು. ನಿಮ್ಮ ಹೆಸರು ಹೇಳಿಕೊಂಡು ಬೇರೊಬ್ಬನು ಹಣ ಕೇಳಲು ಬಂದರೆ ಅಲ್ಲಿಯೇ ಸಿಕ್ಕಿಬೀಳುತ್ತಿದ್ದನು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಅದಕ್ಕೂ ಮೊದಲೇ ಗುರುತಿಸುವ ಕ್ರಮ ಬದಲಾಗಿತ್ತು. ಇಂದು ನಿಮ್ಮನ್ನು ಗುರುತಿಸುವುದು ಬಹುಮಟ್ಟಿಗೆ ಯಂತ್ರ. ಯಂತ್ರಕ್ಕೆ ನಿಮ್ಮ ಮುಖದಾಕ್ಷಿಣ್ಯ ಇಲ್ಲ. ಸಂಖ್ಯೆ ಸರಿಯಾಗಿದ್ದು ಬೆರಳಿನ ಗೆರೆ ತಾಳೆಯಾದರೆ ಅದು ಹಣ ಕೊಡುತ್ತದೆ. ಇದರಿಂದ ನಮಗೆ ಅನುಕೂಲವಾಗಿದೆ ನಿಜ. ಸಾವಿರ ಮೈಲು ದೂರದಲ್ಲಿರುವ ಕಳ್ಳನಿಗೂ ಅದೇ ಅನುಕೂಲವಾಯಿತು.

ಮಂಗಳೂರಿನಲ್ಲಿ ನಡೆದದ್ದು

1997ರ ತನಕ ನಾವೂ ದಕ್ಷಿಣ ಕನ್ನಡ ಜಿಲ್ಲೆಯವರೇ. ಆದುದರಿಂದ ಅಲ್ಲಿ ನಡೆದದ್ದನ್ನು ನೆರೆಮನೆಯ ಸಂಗತಿಯೆಂದೇ ತಿಳಿಯಬೇಕು. 2023ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಂಗಳೂರಿನ ಪೊಲೀಸರಿಗೆ ಒಂದರ ಹಿಂದೆ ಒಂದು ದೂರು ಬಂದಿತು. ಖಾತೆಯಿಂದ ಹಣ ಹೋಗಿದೆ. ಆದರೆ ಖಾತೆದಾರರು ಯಾರ ಕರೆಗೂ ಉತ್ತರಿಸಿಲ್ಲ, ಓಟಿಪಿ ಹೇಳಿಲ್ಲ, ಎಟಿಎಂ ಕಾರ್ಡನ್ನು ಯಾರ ಕೈಗೂ ಕೊಟ್ಟಿಲ್ಲ. ವಿಚಾರಿಸಿದಾಗ ಒಂದು ಸಮಾನ ಅಂಶ ಹೊರಬಿದ್ದಿತು. ಹಣ ಕಳೆದುಕೊಂಡವರಲ್ಲಿ ಹಲವರು ಇತ್ತೀಚೆಗೆ ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ಆಸ್ತಿಯ ದಸ್ತಾವೇಜು ನೋಂದಾಯಿಸಿದವರು.

ಕ್ರಯಪತ್ರದಲ್ಲಿ ಏನೇನು ಇರುತ್ತದೆ ಎಂಬುದನ್ನು ನೆನಪು ಮಾಡಿಕೊಳ್ಳಿರಿ. ಹೆಸರು, ವಿಳಾಸ, ಆಧಾರ್ ವಿವರ, ಹೆಬ್ಬೆಟ್ಟಿನ ಗುರುತು, ಎಲ್ಲವೂ ಒಂದೇ ಕಡೆ. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದ ಮೂಲಕ ಇಂತಹ ದಸ್ತಾವೇಜುಗಳ ಪ್ರತಿ ಪಡೆಯುವ ಅವಕಾಶವಿತ್ತು. ಪ್ರತಿಯಲ್ಲಿ ಅಚ್ಚಾದ ಹೆಬ್ಬೆಟ್ಟಿನಿಂದ ಮೆತ್ತನೆಯ ನಕಲಿ ಬೆರಳನ್ನು ತಯಾರಿಸಿ, ಅದನ್ನು ಯಂತ್ರದ ಮೇಲೆ ಒತ್ತಿ ಕಳ್ಳರು ಹಣ ತೆಗೆದರು ಎಂಬುದು ಪೊಲೀಸರ ಶೋಧ. ಅವರು ಬಳಸಿದ ಮಾರ್ಗ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಅಂದರೆ ಎಇಪಿಎಸ್. ಬ್ಯಾಂಕು ಇಲ್ಲದ ಹಳ್ಳಿಯ ಜನರೂ ಪ್ರತಿನಿಧಿಯ ಬಳಿ ಹೆಬ್ಬೆಟ್ಟು ಒತ್ತಿ ಹಣ ಪಡೆಯಲಿ ಎಂದು ಮಾಡಿದ ಏರ್ಪಾಡು ಅದು. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು, ಈ ಮೂರು ಇದ್ದರೆ ಸಾಕು. ಪಿನ್ ಬೇಡ, ಓಟಿಪಿ ಬೇಡ. ಅದೇ ವರ್ಷ ಈ ಸಂಬಂಧವಾಗಿ ಬಿಹಾರದ ಆರೋಪಿಗಳನ್ನು ಪೊಲೀಸರು ಬಂಧಿಸಿದರು. ಜಾಲತಾಣದ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡುವ ಕ್ರಮವನ್ನು ಇಲಾಖೆಯು ಕೈಗೊಂಡಿತು.

ಈ ಉಪಾಯ ಹೊಸದಾಗಿರಲಿಲ್ಲ. 2018ರಲ್ಲಿ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯ ಒಬ್ಬ ಸಿಮ್ ವ್ಯಾಪಾರಿ ನೋಂದಣಿ ದಸ್ತಾವೇಜುಗಳಿಂದಲೇ ಬೆರಳಚ್ಚುಗಳನ್ನು ತೆಗೆದು, ಪರರ ಹೆಸರಿನಲ್ಲಿ ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿದ ಆರೋಪದಲ್ಲಿ ಸಿಕ್ಕಿಬಿದ್ದಿದ್ದನು.

ಇನ್ನೊಂದು ಸಂಗತಿಯನ್ನು ಇಲ್ಲಿ ತಿಳಿಯುವುದು ಯುಕ್ತ. ದಸ್ತಾವೇಜಿಗೆ ಹೆಬ್ಬೆಟ್ಟು ಒತ್ತಿಸುವ ಪದ್ಧತಿ ಹುಟ್ಟಿದ್ದೇ ಇಂತಹ ಮೋಸವನ್ನು ತಡೆಯಲು. 1877ರಲ್ಲಿ ಬಂಗಾಳದ ಹೂಗ್ಲಿಯ ಅಧಿಕಾರಿ ವಿಲಿಯಂ ಹರ್ಷೆಲ್ ಎಂಬವರು ದಸ್ತಾವೇಜುಗಳ ನೋಂದಣಿಗೂ ಪಿಂಚಣಿಗೂ ಬೆರಳಚ್ಚನ್ನು ತೆಗೆದುಕೊಳ್ಳಲಾರಂಭಿಸಿದರು. ಸತ್ತವರ ಹೆಸರಿನಲ್ಲಿ ಪಿಂಚಣಿ ಎತ್ತುವವರೂ, ‘ಅದು ನನ್ನ ಸಹಿಯಲ್ಲ’ ಎನ್ನುವವರೂ ಆಗ ಇದ್ದರು. ಆ ಕಾಲದ ಹೆಬ್ಬೆಟ್ಟು ಕಾಗದದ ಮೇಲೆ ಸಾಕ್ಷಿ ಮಾತ್ರ. ಇಂದಿನ ಹೆಬ್ಬೆಟ್ಟು ತಿಜೋರಿಯ ಬೀಗದ ಕೈಯೂ ಹೌದು. ಬೀಗದ ಕೈ ಕಳೆದರೆ ಬೇರೆ ಬೀಗ ಹಾಕಬಹುದು. ಬೆರಳನ್ನು ಬದಲಾಯಿಸಲು ಬರುವುದಿಲ್ಲ. ಅದಕ್ಕಾಗಿಯೇ ಅದಕ್ಕೆ ಬೇಲಿ ಬೇಕು.

ಎಷ್ಟು ಸಾಮಾನ್ಯ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ ದೇಶದಲ್ಲಿ ದಾಖಲಾದ ಸೈಬರ್ ಅಪರಾಧಗಳು 2021ರಲ್ಲಿ 52,974, 2022ರಲ್ಲಿ 65,893, 2023ರಲ್ಲಿ 86,420. ನಮ್ಮ ಕರ್ನಾಟಕದ ಪಾಲು 2022ರಲ್ಲಿ 12,556 ಇದ್ದುದು 2023ರಲ್ಲಿ 21,889 ಆಯಿತು. ಆ ವರ್ಷ ಎಲ್ಲ ರಾಜ್ಯಗಳಿಗಿಂತ ನಮ್ಮದೇ ಹೆಚ್ಚು. ದೇಶದ ನಾಲ್ಕು ಪ್ರಕರಣಗಳಲ್ಲಿ ಒಂದು ಕರ್ನಾಟಕದ್ದು, ದಿನಕ್ಕೆ ಸುಮಾರು 60. ಇವೆಲ್ಲವೂ ಗುರುತಿನ ಕಳವಲ್ಲ. ಆದರೆ ದೇಶದ ಪ್ರಕರಣಗಳಲ್ಲಿ ನೂರಕ್ಕೆ ಸುಮಾರು 69ರ ಉದ್ದೇಶ ಹಣದ ವಂಚನೆ. ಅಂತಹ ವಂಚನೆಯಲ್ಲಿ ಮತ್ತೊಬ್ಬರ ಹೆಸರು, ಸಿಮ್ ಅಥವಾ ಖಾತೆ ಬಳಕೆಯಾಗುವುದು ಸಾಮಾನ್ಯ.

ಇದು ಠಾಣೆಯಲ್ಲಿ ಮೊಕದ್ದಮೆಯಾದವುಗಳ ಲೆಕ್ಕ. ಕೇಂದ್ರ ಸರಕಾರದ ಸೈಬರ್ ಅಪರಾಧ ಪೋರ್ಟಲಿಗೆ 2023ರಲ್ಲಿ ಬಂದ ದೂರುಗಳು ಸುಮಾರು 15.96 ಲಕ್ಷ, 2024ರಲ್ಲಿ 22.68 ಲಕ್ಷ. ಜನರು ಕಳೆದುಕೊಂಡ ಹಣ 2023ರಲ್ಲಿ 7,465 ಕೋಟಿ ರೂಪಾಯಿ ಇದ್ದುದು 2024ರಲ್ಲಿ 22,845 ಕೋಟಿಗೆ ಏರಿತು. ಒಂದೇ ವರ್ಷದಲ್ಲಿ ಮೂರು ಪಟ್ಟು! ನಾಚಿಕೆಯಿಂದ ಬಾಯಿಬಿಡದವರು ಈ ಯಾವ ಲೆಕ್ಕದಲ್ಲಿಯೂ ಇಲ್ಲ. ಇದು ನಮ್ಮ ದೇಶದ ರೋಗ ಮಾತ್ರವೆಂದು ಭಾವಿಸಬಾರದು. ಅಮೆರಿಕದಲ್ಲಿ 2024ರಲ್ಲಿ 11 ಲಕ್ಷಕ್ಕೂ ಹೆಚ್ಚು ಗುರುತಿನ ಕಳವಿನ ದೂರುಗಳು ಅಲ್ಲಿನ ಸರಕಾರಕ್ಕೆ ಬಂದವು.

ಯಾರನ್ನು ತಟ್ಟುತ್ತದೆ?

‘ದುರಾಸೆಯವರು ಮೋಸಹೋಗುತ್ತಾರೆ, ನಮಗೇನು?’ ಎಂದು ಕೆಲವರು ಹೇಳುವುದುಂಟು. ಮಂಗಳೂರಿನ ಪ್ರಕರಣ ಈ ಮಾತನ್ನು ಸುಳ್ಳು ಮಾಡಿದೆ. ಅಲ್ಲಿ ಹಣ ಕಳೆದುಕೊಂಡವರು ಕಾನೂನಿನಂತೆ ನಡೆದುಕೊಂಡವರು. ಸರಕಾರಿ ಕಚೇರಿಯಲ್ಲಿ ಒತ್ತಬೇಕಾದಲ್ಲಿ ಹೆಬ್ಬೆಟ್ಟು ಒತ್ತಿದರು, ಅಷ್ಟೆ. ಆದುದರಿಂದ ಭೂಮಿ ಮಾರಿದವರು, ಕೊಂಡವರು, ಅಡವು ಇಟ್ಟವರು, ಪಾಲುಪಟ್ಟಿ ಮಾಡಿಸಿದವರು ಎಲ್ಲರೂ ಈ ಪಾಠವನ್ನು ತಮ್ಮದೆಂದೇ ತಿಳಿಯಬೇಕು.

ಎರಡನೆಯವರು ವೃದ್ಧರು. ನಮ್ಮ ಕಡೆ ಮಕ್ಕಳು ಮುಂಬಯಿ, ಬೆಂಗಳೂರು, ಗಲ್ಫ್ ದೇಶಗಳಲ್ಲಿದ್ದು ತಂದೆತಾಯಿ ಇಬ್ಬರೇ ಇರುವ ಮನೆಗಳು ಬಹಳ. ಬ್ಯಾಂಕಿನ ಸಂದೇಶ ಮಗನ ಹಳೆಯ ಸಂಖ್ಯೆಗೆ ಹೋಗುತ್ತಿರುತ್ತದೆ, ಅಥವಾ ಬಂದರೂ ಓದುವವರಿಲ್ಲ. ಹಣ ಹೋದದ್ದು ತಿಳಿಯುವಾಗ ತಿಂಗಳು ಕಳೆದಿರುತ್ತದೆ.

ಮೂರನೆಯವರು ರೈತರು. ‘ಪಿಎಂ ಕಿಸಾನ್ ಕಂತು ಬಂದಿದೆ, ಈ ಕಡತ ತೆರೆಯಿರಿ’ ಎಂದು ವಾಟ್ಸಾಪಿನಲ್ಲಿ ಬರುವ ಎಪಿಕೆ ಕಡತವನ್ನು ಒತ್ತಿದರೆ ಮೊಬೈಲಿನ ಹತೋಟಿಯೇ ಕಳ್ಳನ ಕೈಗೆ ಹೋಗಬಹುದು. ಅಲ್ಲಿಂದ ಮುಂದೆ ಓಟಿಪಿಯನ್ನು ಅವನೇ ಓದಿಕೊಳ್ಳುತ್ತಾನೆ. ನಿಮ್ಮನ್ನು ಕೇಳುವ ಅಗತ್ಯವೂ ಅವನಿಗಿಲ್ಲ.

ನಾಲ್ಕನೆಯವರು ಓದುವ ಮಕ್ಕಳು. ಮಣಿಪಾಲ, ಉಡುಪಿ, ಕಾರ್ಕಳಗಳ ಕಾಲೇಜುಗಳಿಗೆ ಹೋಗುವ ಮಕ್ಕಳಿಗೆ ತಿಳಿಯಹೇಳಿರಿ: ‘ನಿನ್ನ ಖಾತೆಯನ್ನು ನಾಲ್ಕು ದಿನ ಉಪಯೋಗಿಸಲು ಕೊಡು, ಹಣ ಕೊಡುತ್ತೇವೆ’ ಎನ್ನುವವರಿಗೆ ಖಾತೆ ಕೊಡಬಾರದು. ಕದ್ದ ಹಣ ಆ ಖಾತೆಯ ಮೂಲಕ ಹಾದುಹೋದರೆ ಪೊಲೀಸರು ಮೊದಲು ಬಂದು ನಿಲ್ಲುವುದು ಖಾತೆದಾರನ ಮನೆಯ ಅಂಗಳದಲ್ಲಿ. ಇಲ್ಲಿ ಗುರುತನ್ನು ಕದ್ದದ್ದಲ್ಲ, ಮಾರಿದ್ದು. ಕಾನೂನಿನ ಮುಂದೆ ಅದು ಇನ್ನೂ ಕಷ್ಟದ ಪ್ರಸಂಗ.

ಐದನೆಯವರು ತೀರಿಕೊಂಡವರು. ಅವರ ಆಧಾರ್, ಸಿಮ್, ಖಾತೆ ಹಾಗೆಯೇ ಉಳಿದರೆ ಅದು ಬೇಲಿಯಿಲ್ಲದ ತೋಟದಂತೆ. ಮನೆಯವರು ಮರಣವನ್ನು ಬ್ಯಾಂಕಿಗೆ ತಿಳಿಸಬೇಕು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿಯೂ ಕುಟುಂಬದವರ ಮರಣವನ್ನು ತಿಳಿಸುವ ಸೌಲಭ್ಯವನ್ನು 2025ರಲ್ಲಿ ಆರಂಭಿಸಿದ್ದಾರೆ.

ಬೇಲಿ ಹಾಕುವ ಕ್ರಮ

1. ಬೆರಳಿಗೆ ಬೀಗ ಹಾಕಿರಿ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಆಪ್‌ನಲ್ಲಿ ‘ಬಯೋಮೆಟ್ರಿಕ್ ಲಾಕ್’ ಎಂಬುದಿದೆ. ಇದನ್ನು ಹಾಕಿದ ಮೇಲೆ ನಿಮ್ಮ ಬೆರಳು, ಕಣ್ಣು, ಮುಖ ಯಾವುದನ್ನು ತೋರಿಸಿದರೂ ಆಧಾರ್ ವ್ಯವಸ್ಥೆ ಒಪ್ಪುವುದಿಲ್ಲ. ಕಳ್ಳನ ನಕಲಿ ಬೆರಳೂ ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆ ಖರ್ಚು ಇಲ್ಲ. ಒಂದು ಎಚ್ಚರಿಕೆ: ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರಕ್ಕೆ ಹೆಬ್ಬೆಟ್ಟು ಕೊಡುವ ದಿನ, ಪ್ರತಿನಿಧಿಯ ಬಳಿ ಹಣ ತೆಗೆಯುವ ದಿನ ಬೀಗ ತೆಗೆದು, ಕೆಲಸವಾದ ಮೇಲೆ ಪುನಃ ಹಾಕಬೇಕು.

2. ನಿಮ್ಮ ಈಗಿನ ಮೊಬೈಲ್ ಸಂಖ್ಯೆಯನ್ನು ಆಧಾರಿಗೂ ಬ್ಯಾಂಕಿಗೂ ಜೋಡಿಸಿರಿ. ಸಂಖ್ಯೆ ಹಳೆಯದಾಗಿದ್ದರೆ ಮೇಲೆ ಹೇಳಿದ ಬೀಗ ಹಾಕುವುದೂ ಕಷ್ಟ, ಹಣ ಹೋದದ್ದು ತಿಳಿಯುವುದೂ ಇಲ್ಲ. ಸಂಖ್ಯೆ ಬದಲಾವಣೆಯನ್ನು ಆಧಾರ್ ಸೇವಾ ಕೇಂದ್ರದಲ್ಲಿ ಮಾಡಿಸಬಹುದು. ಆಧಾರ್ ವಿಷಯದ ಸಂಶಯಕ್ಕೆ 1947 ಸಂಖ್ಯೆಗೆ ಕರೆಮಾಡಿರಿ.

3. ಎಇಪಿಎಸ್ ನಿಮಗೆ ಬೇಕಿಲ್ಲವೆಂದಾದರೆ ಅದನ್ನು ನಿಲ್ಲಿಸುವ ಬಗೆಯನ್ನು ನಿಮ್ಮ ಬ್ಯಾಂಕಿನ ಶಾಖೆಯಲ್ಲಿ ವಿಚಾರಿಸಿರಿ. ಬೇಕಾದವರು ಪರಿಚಯದ ಪ್ರತಿನಿಧಿಯ ಬಳಿಗೇ ಹೋಗಿ, ಪ್ರತಿಸಲವೂ ರಸೀದಿ ಕೇಳಿ ಪಡೆಯಿರಿ.

4. ಆಧಾರ್ ಪ್ರತಿಯನ್ನು ಕೊಡಲೇಬೇಕಾದರೆ, ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮರೆಮಾಡಿದ ಪ್ರತಿ ಸಾಕೇ ಎಂದು ಮೊದಲು ಕೇಳಿರಿ. ಪ್ರತಿಯ ಮೇಲೆ ಅಡ್ಡಲಾಗಿ, ಯಾವ ಕೆಲಸಕ್ಕೆ, ಯಾರಿಗೆ, ಯಾವ ದಿನ ಕೊಟ್ಟದ್ದು ಎಂದು ಬರೆದು ಸಹಿ ಹಾಕಿರಿ. ಜೆರಾಕ್ಸ್ ಅಂಗಡಿಯಲ್ಲಿ ಕೆಟ್ಟ ಪ್ರತಿಯನ್ನು ಬಿಟ್ಟು ಬರಬೇಡಿರಿ.

5. ಸಿಮ್ ಕೊಳ್ಳುವಾಗ ‘ಬೆರಳು ಸರಿಯಾಗಿ ಬೀಳಲಿಲ್ಲ, ಇನ್ನೊಮ್ಮೆ ಇಡಿ’ ಎಂದರೆ ಯಂತ್ರದ ಪರದೆಯನ್ನು ತೋರಿಸಲು ಹೇಳಿರಿ. ಎರಡನೆಯ ಒತ್ತಿನಲ್ಲಿ ಎರಡನೆಯ ಸಿಮ್ ಹುಟ್ಟಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ಸರಕಾರದ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ನೋಡಬಹುದು. ನಿಮ್ಮದಲ್ಲದ್ದನ್ನು ‘ನನ್ನದಲ್ಲ’ ಎಂದು ಅಲ್ಲಿಯೇ ತಿಳಿಸಬಹುದು.

6. ವರ್ಷಕ್ಕೊಮ್ಮೆ ನಿಮ್ಮ ಸಾಲದ ವರದಿಯನ್ನು ತರಿಸಿ ಓದಿರಿ. ಸಿಬಿಲ್ ಮೊದಲಾದ ಕಂಪೆನಿಗಳು ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರ ಜನವರಿಯಿಂದ ಇದೆ. ನೀವು ಮಾಡದ ಸಾಲ ನಿಮ್ಮ ಹೆಸರಿನಲ್ಲಿದ್ದರೆ ಅದರಲ್ಲಿ ಕಾಣುತ್ತದೆ. ಬೆಳೆಸಾಲಕ್ಕೆ ಅರ್ಜಿ ಹಾಕಿದ ಮೇಲೆ ಬ್ಯಾಂಕಿನವರಿಂದ ಅದನ್ನು ಕೇಳುವುದಕ್ಕಿಂತ ಮೊದಲೇ ತಿಳಿಯುವುದು ಒಳ್ಳೆಯದು.

ಬೇಲಿ ಮುರಿದರೆ ಮಾಡತಕ್ಕದ್ದು

ಎಷ್ಟೇ ಗಟ್ಟಿ ಬೇಲಿಯಾದರೂ ಒಮ್ಮೊಮ್ಮೆ ಮುರಿಯುತ್ತದೆ. ಆಗ ಎಲ್ಲಕ್ಕಿಂತ ಬೆಲೆಬಾಳುವುದು ಸಮಯ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ನೀರು ಇನ್ನೂ ತೋಡಿನಲ್ಲಿರುವಾಗ ಹಲಗೆ ಇಳಿಸಿದರೆ ನಿಲ್ಲುತ್ತದೆ. ಸಮುದ್ರ ಸೇರಿದ ಮೇಲೆ ಇಳಿಸಿ ಪ್ರಯೋಜನವಿಲ್ಲ. ಕದ್ದ ಹಣವೂ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹರಿಯುತ್ತದೆ. 1930 ಎಂಬ ಸಂಖ್ಯೆಗೆ ಕೂಡಲೇ ಕರೆಮಾಡಿದರೆ, ಹಣ ಎಲ್ಲಿ ತಂಗಿದೆಯೋ ಆ ಬ್ಯಾಂಕಿಗೆ ಸುದ್ದಿ ಹೋಗಿ ಅಲ್ಲಿಯೇ ಅದನ್ನು ತಡೆಹಿಡಿಯಲು ಅವಕಾಶವಿದೆ. ಮೊದಲ ಒಂದು ಗಂಟೆಯಲ್ಲಿ ಕರೆಮಾಡುವುದು ಅತ್ಯುತ್ತಮ.

ಎರಡನೆಯದಾಗಿ, ಅದೇ ದಿನ ನಿಮ್ಮ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, ಮುದ್ರೆ ಹಾಕಿದ ಪ್ರತಿಯನ್ನು ಪಡೆಯಿರಿ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಕಟ್ಟಳೆಯ ತಿರುಳು ಇದು: ತಪ್ಪು ಬ್ಯಾಂಕಿನದೂ ಅಲ್ಲದೆ ಗಿರಾಕಿಯದೂ ಅಲ್ಲದೆ ಹೊರಗಿನವರಿಂದ ಹಣ ಹೋಗಿದ್ದು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ಗಿರಾಕಿ ತಿಳಿಸಿದರೆ, ನಷ್ಟದ ಹೊಣೆ ಗಿರಾಕಿಯ ಮೇಲೆ ಬೀಳತಕ್ಕದ್ದಲ್ಲ. ತಡವಾದಂತೆ ಗಿರಾಕಿಯ ಪಾಲಿನ ಹೊಣೆ ಬೆಳೆಯುತ್ತದೆ. ಗಿರಾಕಿಯದೇ ತಪ್ಪು ಎಂದು ಬ್ಯಾಂಕು ಹೇಳುವುದಾದರೆ ಅದನ್ನು ಸಿದ್ಧಪಡಿಸುವ ಭಾರ ಬ್ಯಾಂಕಿನದು. ಓಟಿಪಿಯನ್ನು ನೀವೇ ಹೇಳಿಕೊಟ್ಟಿದ್ದರೆ ತಿಳಿಸುವ ತನಕದ ನಷ್ಟ ನಿಮ್ಮದು. ತಿಳಿಸಿದ ಮೇಲಿನ ನಷ್ಟ ನಿಮ್ಮದಲ್ಲ. ಆದುದರಿಂದ ಸ್ವಂತ ತಪ್ಪಿನಿಂದ ಹೋದದ್ದಾದರೂ ಬೇಗನೆ ತಿಳಿಸುವುದರಲ್ಲಿಯೇ ಲಾಭವಿದೆ.

ಮೂರನೆಯದಾಗಿ, ಪೊಲೀಸರಿಗೆ ದೂರು ಕೊಡಿರಿ. ಹತ್ತಿರದ ಠಾಣೆಗೆ ಹೋಗಬಹುದು, ಉಡುಪಿಯ ಸೆನ್ ಪೊಲೀಸ್ ಠಾಣೆಗೆ ಹೋಗಬಹುದು, ಪೋರ್ಟಲಿನಲ್ಲಿಯೂ ಬರೆಯಬಹುದು. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನ ಪ್ರಕಾರ ಮತ್ತೊಬ್ಬರ ಗುಪ್ತಪದ, ವಿದ್ಯುನ್ಮಾನ ಸಹಿ ಅಥವಾ ವಿಶಿಷ್ಟ ಗುರುತನ್ನು ಮೋಸದಿಂದ ಬಳಸಿದವನಿಗೆ ಮೂರು ವರ್ಷದ ತನಕ ಸೆರೆಮನೆ, ಒಂದು ಲಕ್ಷ ರೂಪಾಯಿಯ ತನಕ ದಂಡ ವಿಧಿಸಬಹುದು. ಹಣ ಹೋಗದಿದ್ದರೂ ದೂರು ಕೊಡುವುದು ಅವಶ್ಯ. ನಾಳೆ ನಿಮ್ಮ ಹೆಸರಿನ ಸಿಮ್‌ನಿಂದ ಬೇರೊಬ್ಬರಿಗೆ ಮೋಸವಾದರೆ ಆ ದೂರಿನ ಪ್ರತಿಯೇ ನಿಮಗೆ ರಕ್ಷೆ.

ಕೊನೆಯದಾಗಿ ಒಂದು ಮಾತು

ತೋಟದಿಂದ ಅಡಿಕೆ ಕಳವಾದರೆ ನಾವು ಬೆಳಗಾಗುವುದರೊಳಗೆ ಊರಿಗೆಲ್ಲ ಹೇಳುತ್ತೇವೆ. ನೆರೆಯವರೂ ಎಚ್ಚರಾಗುತ್ತಾರೆ. ಖಾತೆಯಿಂದ ಹಣ ಕಳವಾದರೆ ಮಾತ್ರ ಹೆಂಡತಿಗೂ ಮಕ್ಕಳಿಗೂ ಹೇಳದೆ ಮುಚ್ಚಿಡುವವರಿದ್ದಾರೆ. ‘ಇಷ್ಟು ಪ್ರಾಯವಾಗಿ ಮೋಸಹೋದೆನಲ್ಲ, ನಗುವರಲ್ಲ’ ಎಂಬ ಅಂಜಿಕೆ ಅದಕ್ಕೆ ಕಾರಣ. ಆ ಅಂಜಿಕೆಯೇ ಕಳ್ಳನಿಗೆ ದೊಡ್ಡ ಸಹಾಯ. ಒಬ್ಬರು ಮುಚ್ಚಿಟ್ಟ ಮೂರು ದಿನಗಳಲ್ಲಿ ಅವರ ಹಣವೂ ಸಿಗದಂತಾಗುತ್ತದೆ, ಅದೇ ಉಪಾಯದಿಂದ ನೆರೆಮನೆಯಲ್ಲಿಯೂ ಕಳವಾಗಬಹುದು. ಮಂಗಳೂರಿನಲ್ಲಿ ಮೊದಲು ದೂರು ಕೊಟ್ಟವರು ಸುಮ್ಮನಿದ್ದಿದ್ದರೆ ದಸ್ತಾವೇಜಿಗೂ ಕಳವಿಗೂ ಇದ್ದ ಸಂಬಂಧ ಅಷ್ಟು ಬೇಗ ತಿಳಿಯುತ್ತಿರಲಿಲ್ಲ. ಉಳಿದವರು ಬೆರಳಿಗೆ ಬೀಗ ಹಾಕಿಕೊಳ್ಳುತ್ತಲೂ ಇರಲಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ ಗದರಿಸಬೇಡಿರಿ. ಮೊದಲು 1930ಕ್ಕೆ ಕರೆಮಾಡಿರಿ, ವಿಚಾರಣೆ ಆಮೇಲೆ ಆಗಲಿ.

ಈ ಪಾಠವನ್ನು ಯುವಕ ಮಂಡಲದಲ್ಲಿ, ಮಹಿಳಾ ಮಂಡಲದಲ್ಲಿ, ಸ್ವಸಹಾಯ ಸಂಘದ ವಾರದ ಕೂಟದಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಹೇಳುವುದು ಉತ್ತಮ. ಮೊಬೈಲ್ ಬಲ್ಲ ತರುಣರು ಅದೇ ಕೂಟದಲ್ಲಿ ಹಿರಿಯರ ಎದುರಿನಲ್ಲಿಯೇ, ಓಟಿಪಿಯನ್ನು ಹಿರಿಯರ ಕೈಯಲ್ಲಿಯೇ ಒತ್ತಿಸಿ, ಬೆರಳಿನ ಬೀಗ ಹಾಕಿಕೊಟ್ಟರೆ ಊರಿಗೇ ಉಪಕಾರವಾದೀತು.

ಕೂಟದಲ್ಲಿ ಚರ್ಚಿಸಲು ಪ್ರಶ್ನೆಗಳು

1. ಓಟಿಪಿಯನ್ನು ಯಾರಿಗೂ ಹೇಳದವರ ಹಣವೂ ಹೋದದ್ದು ಹೇಗೆ?
2. ನಮ್ಮ ಊರಿನಲ್ಲಿ ಕಳೆದ ಐದು ವರ್ಷಗಳಲ್ಲಿ ದಸ್ತಾವೇಜು ನೋಂದಾಯಿಸಿದವರು ಎಷ್ಟು ಮಂದಿ? ಅವರಲ್ಲಿ ಬೆರಳಿಗೆ ಬೀಗ ಹಾಕಿದವರು ಎಷ್ಟು ಮಂದಿ?
3. ಒಂಟಿಯಾಗಿರುವ ವೃದ್ಧರ ಮನೆಗಳು ಯಾವುವು? ಅವರ ಬ್ಯಾಂಕಿನ ಸಂದೇಶ ಯಾರ ಮೊಬೈಲಿಗೆ ಹೋಗುತ್ತದೆ?
4. ಹಣ ಹೋದ ಮೊದಲ ಗಂಟೆಯಲ್ಲಿ, ಮೊದಲ ದಿನದಲ್ಲಿ, ಮೂರು ದಿನಗಳೊಳಗೆ ಏನೇನು ಮಾಡಬೇಕು?
5. 1930 ಸಂಖ್ಯೆಯನ್ನು ನಿಮ್ಮ ಮನೆಯ ಗೋಡೆಯ ಮೇಲೆ ಬರೆದಿದ್ದೀರಾ?